ಹೆದರಿದ ಜಾಗಕ್ಕೆ ಪೆನ್ಸಿಲ್ ಗುರುತು

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಂಗೈ ಮೇಲೆ ಕರ್ಪೂರ ಹಚ್ಚಿ, ಅದು ಉರಿಯುತ್ತಿರುವಾಗಲೇ ಈ ಕೈಯಿಂದ ಆ ಕೈಗೆ ಹಾರಿಸಿ, ಇದರಲ್ಲಿ ಪವಾಡವೇನೂ ಇಲ್ಲ ಎಂದು ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ತೋರಿಸುತ್ತೇನೆ. ದೆವ್ವ, ಭೂತ, ಮಾಟ ಎಲ್ಲ ಸುಳ್ಳು ಎಂದು ಶಾಲೆಯ ಮೈದಾನದಲ್ಲಿ ಮೈಕು ಹಿಡಿದು ಹೇಳಿದವಳೂ ನಾನೇ. ಅಂಥವಳು ಒಂದು ದೆವ್ವದ ಕಾದಂಬರಿ ಓದಿ, ಯಜಮಾನರು ಊರಲ್ಲಿಲ್ಲದ ಸಂಜೆ ಹಿತ್ತಲಿನ ಮೋಟಾರು ಬಂದ್ ಮಾಡಲು ಹೋಗಲಾರದೆ, ಟ್ಯಾಂಕು ತುಂಬಿ ನೀರು ಹರಿದು, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವ ತನಕ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು ಎಂದರೆ ಯಾರು ನಂಬುತ್ತಾರೆ? ಯಾರಿಗೂ ಗೊತ್ತಾಗಬಾರದು ಎಂದೇ ನಾನು ಎರಡು ವರ್ಷ ಒಂದು ಮೋಸ ನಡೆಸಿದೆ. ಅದು ಹೇಗೆ ಬಯಲಾಯಿತು ಎಂಬುದನ್ನು ಬರೆದುಬಿಟ್ಟರೆ ಮನಸ್ಸಿಗೆ ಹಗುರ.

ನಮ್ಮದು ನಾಲ್ಕೇ ಜನರ ಓದುವ ಬಳಗ. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ವೈನಿಯ ಮನೆಯಲ್ಲಿ ಸೇರುತ್ತೇವೆ. ವೈನಿ ಎಂದರೆ ಅತ್ತಿಗೆ, ನಾವೆಲ್ಲ ಪ್ರೀತಿಯಿಂದ ಹಾಗೆ ಕರೆಯುವುದು; ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮನೆಯೊಳಗೆ ಮರಾಠಿ, ಅಂಗಳಕ್ಕೆ ಬಂದರೆ ಕನ್ನಡ. ಎರಡನೆಯವಳು ಶರಣಸಿರಸಗಿಯ ಹೊಸ ಲೇಔಟಿನಿಂದ ಸ್ಕೂಟಿಯಲ್ಲಿ ಬರುವ ಬ್ಯಾಂಕಿನ ಹುಡುಗಿ. ಮೂರನೆಯವರು ಕಾಕಾ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡವರು. ಅವರು ಬಸ್ಸಿನಿಂದ ಇಳಿದರೆ ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಪುಸ್ತಕ. ನಾಲ್ಕನೆಯವಳು ನಾನು.

ಮೊದಲು ನಾವು ಎಲ್ಲ ಬಗೆಯ ಪುಸ್ತಕ ಓದುತ್ತಿದ್ದೆವು. ಆದರೆ ಚರ್ಚೆ ಮುಂದೆ ಸಾಗುತ್ತಲೇ ಇರಲಿಲ್ಲ. ಒಬ್ಬರು ‘ಛಲೋ ಅದ’ ಅನ್ನುವರು, ಇನ್ನೊಬ್ಬರು ಹೌದೌದು ಅನ್ನುವರು, ಆಮೇಲೆ ಎಲ್ಲರೂ ಚುರುಮುರಿಯ ಸೂಸಲಾ ತಟ್ಟೆಗೆ ಕೈ ಹಾಕುವರು. ಒಮ್ಮೆ ವೈನಿ ಎಲ್ಲಿಂದಲೋ ಒಂದು ದೆವ್ವದ ಕಾದಂಬರಿ ತಂದರು. ನಾನು ಮೋಟಾರು ಬಂದ್ ಮಾಡಲಾರದೆ ಕೂತದ್ದು ಅದನ್ನು ಓದಿದ ವಾರವೇ. ಆ ದಿನ ಚಹಾ ಮೂರು ಸಲ ಆರಿತು, ಮೂರು ಸಲ ಬಿಸಿ ಮಾಡಬೇಕಾಯಿತು. ಯಾರಿಗೂ ಮಾತು ನಿಲ್ಲಿಸುವ ಮನಸ್ಸಿರಲಿಲ್ಲ. ಅಂದಿನಿಂದ ನಮ್ಮ ಬಳಗದಲ್ಲಿ ಹೆದರಿಸುವ ಪುಸ್ತಕ ಬಿಟ್ಟರೆ ಬೇರೆ ಓದಿಲ್ಲ.

ಇನ್ನು ಪೆನ್ಸಿಲ್ ಗುರುತಿನ ವಿಷಯ. ನಾವು ಕೊಳ್ಳುವುದು ಒಂದೇ ಪ್ರತಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ ಅದು ಇರುತ್ತದೆ. ಓದುವಾಗ ಎಲ್ಲಿ ನಿಜವಾಗಿ ಎದೆ ಝಲ್ಲೆಂದಿತೋ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ರೋಗಿಯ ಮಂಚದ ತುದಿಗೆ ಜ್ವರದ ಚಾರ್ಟು ತೂಗುಹಾಕಿ ರೂಢಿಯಾದ ವೈನಿಯ ತಲೆಯಲ್ಲಿ ಹುಟ್ಟಿದ ಪದ್ಧತಿ ಇದು. ವೈನಿಯದು ಕೂಡಿಸುವ ಚಿಹ್ನೆ, ಹುಡುಗಿಯದು ಟಿಕ್ಕು, ಕಾಕಾನದು ಸೊನ್ನೆ, ನನ್ನದು ತ್ರಿಕೋನ. ಭಾನುವಾರ ಪುಸ್ತಕ ತೆರೆದರೆ ಗುರುತಿನಿಂದ ಗುರುತಿಗೆ ಹೋಗುತ್ತೇವೆ. ಇಲ್ಲಿ ಯಾಕೆ ಹೆದರಿದಿರಿ ಎಂದು ಕೇಳಿದರೆ ಹೇಳಲೇಬೇಕು.

ಆ ಉತ್ತರಗಳಿಗಾಗಿಯೇ ನಾನು ಹೋಗುತ್ತಿದ್ದೆ. ಜೀವಮಾನವೆಲ್ಲ ಹೆಣ ನೋಡಿದ ವೈನಿ ಹೆಣ ಎದ್ದು ಕೂತರೂ ಗುರುತು ಹಾಕುತ್ತಿರಲಿಲ್ಲ. ಹೊಸ ಚಾದರ ಹಾಸಿದ ಖಾಲಿ ಹಾಸಿಗೆ ಕಥೆಯಲ್ಲಿ ಬಂತೆಂದರೆ ಅಲ್ಲಿ ಕೂಡಿಸುವ ಚಿಹ್ನೆ. ಬೆಳಿಗ್ಗೆ ಮಾತಾಡಿಸಿದ ರೋಗಿಯ ಹಾಸಿಗೆ ಸಂಜೆಯ ಡ್ಯೂಟಿಗೆ ಬಂದಾಗ ಹಾಗೆ ಕಾಣುತ್ತಿತ್ತಂತೆ. ಬ್ಯಾಂಕಿನ ಹುಡುಗಿ ಹೆದರಿದ್ದು ಕಥೆಯಲ್ಲಿ ಒಬ್ಬಳಿಗೆ ತಾನು ಎಂದೂ ಬರೆಯದ ಕಾಗದದ ಕೆಳಗೆ ತನ್ನದೇ ಸಹಿ ಸಿಗುವ ಕಡೆ. ಕಾಕಾನ ಸೊನ್ನೆ ಬಿದ್ದದ್ದು ದೆವ್ವ ಬರುವ ಪುಟದಲ್ಲಲ್ಲ, ಅದಕ್ಕಿಂತ ಎಷ್ಟೋ ಮೊದಲು, ಎತ್ತು ಮನೆಯ ಗೇಟಿನ ಹತ್ತಿರ ನಿಂತು ಒಳಗೆ ಬರಲಾರೆ ಎಂದು ಕತ್ತು ತಿರುಗಿಸುವ ಒಂದೇ ಸಾಲಿನಲ್ಲಿ. ಆ ಸಾಲನ್ನು ನಾವು ಉಳಿದವರು ಗಮನಿಸಿಯೇ ಇರಲಿಲ್ಲ.

ಪುಸ್ತಕ ತಿರುಗುವ ಸರದಿ ಹೀಗಿತ್ತು: ಮೊದಲು ವೈನಿ, ಆಮೇಲೆ ಹುಡುಗಿ, ಆಮೇಲೆ ಕಾಕಾ, ಕೊನೆಗೆ ನಾನು. ಕಾಕಾ ಓದಿ ಮುಗಿಸಿ, ಪೇಪರಿನಲ್ಲಿ ಸುತ್ತಿ, ಪರಿಚಯದ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಿದ್ದೆ. ಕೊನೆಯ ಸರದಿಯನ್ನು ಪೇಪರು ತಿದ್ದುವ ನೆಪ ಹೇಳಿ ನಾನೇ ಕೇಳಿ ಪಡೆದದ್ದು. ಯಾಕೆಂದರೆ ನನ್ನ ಕೈಗೆ ಬರುವಷ್ಟರಲ್ಲಿ ಎಲ್ಲೆಲ್ಲಿ ಅಪಾಯವಿದೆ ಎಂದು ಮೂರು ಜನ ಗುರುತು ಮಾಡಿಟ್ಟಿರುತ್ತಿದ್ದರು. ಕೂಡಿಸುವ ಚಿಹ್ನೆ ಕಂಡರೆ ನಾಲ್ಕು ಪುಟ ಹಾರು. ಟಿಕ್ಕು ಕಂಡರೆ ಮೂರು. ಕಾಕಾನ ಸೊನ್ನೆ ಬಹಳ ಮುಂಚೆಯೇ ಬೀಳುವುದರಿಂದ ಪೂರ್ತಿ ಅಧ್ಯಾಯವನ್ನೇ ಹಾರು. ಹೀಗೆ ದೆವ್ವವನ್ನೊಂದು ಬಿಟ್ಟು ಉಳಿದ ದೆವ್ವದ ಕಾದಂಬರಿಯನ್ನೆಲ್ಲ ನಾನು ಬಹಳ ಶ್ರದ್ಧೆಯಿಂದ ಓದಿದ್ದೇನೆ.

ಚರ್ಚೆಯಲ್ಲಿ ಮಾತ್ರ ನನ್ನಷ್ಟು ಜೋರಿನವರು ಇರಲಿಲ್ಲ. ಕಾಲುಸಪ್ಪಳ ಕೇಳಿತೆಂದರೆ ಮರದ ಹಲಗೆ ಬಿಸಿಲಿಗೆ ಹಿಗ್ಗಿದ್ದು, ಕನ್ನಡಿಯಲ್ಲಿ ಮುಖ ಕಂಡಿತೆಂದರೆ ಬೆಳಕಿನ ಪ್ರತಿಫಲನ. ಅಲ್ಲಲ್ಲಿ ಬೇರೆಯವರ ಗುರುತಿನ ಪಕ್ಕದಲ್ಲಿ ಒಂದು ಸುಳ್ಳು ತ್ರಿಕೋನವನ್ನೂ ಎಳೆದಿಡುತ್ತಿದ್ದೆ. ಕೇಳಿದರೆ, ಸ್ವಲ್ಪ ಕುತೂಹಲ ಆಯಿತು ಅಷ್ಟೇ ಎನ್ನುತ್ತಿದ್ದೆ.

ಮೊದಲ ವರ್ಷ ಒಂದು ಸಲ ಮಾತ್ರ ಎಡವಿದೆ. ಕೋಟೆಯಂಥ ದೊಡ್ಡ ಮನೆ, ಹಳೇ ವಾಡೆಯೊಂದರ ಮುದಿ ಕಾವಲುಗಾರನ ಕಥೆ ಅದು. ಇಡೀ ಪುಸ್ತಕದಲ್ಲಿ ತಿಳಿವಳಿಕೆ ಇದ್ದ ಮನುಷ್ಯ ಅವನೊಬ್ಬನೇ, ಕೊನೆಯಲ್ಲಾದರೂ ಅವನು ಹೋಗಿ ಪೊಲೀಸರಿಗೆ ಹೇಳಬೇಕಿತ್ತು ಎಂದು ನಾನು ಹತ್ತು ನಿಮಿಷ ವಾದ ಮಾಡಿದೆ. ಯಾರೂ ಎದುರು ಮಾತಾಡಲಿಲ್ಲ. ಹುಡುಗಿ ಕೆಮ್ಮಿದಳು. ಕಾಕಾ ಒಂದು ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟರು. ನನ್ನ ವಾದಕ್ಕೆ ಎಲ್ಲರೂ ಸೋತರು ಎಂದುಕೊಂಡು ನಾನು ಹಣ್ಣು ತಿಂದೆ.

ಇಷ್ಟೆಲ್ಲ ಮಾಡುವ ಬದಲು ನನಗೂ ಹೆದರಿಕೆಯಾಗುತ್ತದೆ ಎಂದು ಹೇಳಿಬಿಡಬಹುದಿತ್ತಲ್ಲ? ಹೇಳಲು ಬರುತ್ತಿರಲಿಲ್ಲ. ನಾಲ್ಕು ಮಕ್ಕಳಲ್ಲಿ ನಾನು ಹಿರಿಯಳು. ಕರೆಂಟು ಹೋದರೆ ಉಳಿದ ಮೂವರೂ ಬಂದು ನನ್ನ ಲಂಗ ಹಿಡಿಯುತ್ತಿದ್ದರು. ಏನೂ ಇಲ್ಲ, ನಾನಿದ್ದೇನೆ ಎಂದು ಹೇಳಿ ಹೇಳಿ ಅದೇ ನನ್ನ ದನಿಯಾಗಿಬಿಟ್ಟಿತು. ಆಮೇಲೆ ಮನೆಯಲ್ಲಿ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕುವವಳು ನಾನು, ಶಾಲೆಯ ಕೋಣೆಗೆ ಹಾವು ಬಂದರೆ ಕರೆಯುವುದು ನನ್ನನ್ನು. ಯಾರ ಮುಂದಾದರೂ ಹೆದರಿದ ನೆನಪೇ ನನಗಿಲ್ಲ. ಈಗ ಹೊಸದಾಗಿ ಕಲಿಯಲು ನಾಚಿಕೆ.

ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಬಳಗದ ಆರಂಭದಲ್ಲಿ ಒಬ್ಬ ವಕೀಲರು ಬರುತ್ತಿದ್ದರು. ಪುಸ್ತಕ ತೆರೆಯುತ್ತಿರಲಿಲ್ಲ, ಮಿರ್ಚಿ ಭಜಿ ಮಾತ್ರ ಬಿಡುತ್ತಿರಲಿಲ್ಲ. ವೈನಿ ಆಗ ಒಂದು ಕಾಯಿದೆ ಮಾಡಿದರು: ಮೂರು ಪುಸ್ತಕಕ್ಕೆ ಖರೆ ಗುರುತು ಹಾಕದವರು ನಾಲ್ಕನೆಯದಕ್ಕೆ ಬರುವುದು ಬೇಡ. ವಕೀಲರು ಹೋದರು. ನನ್ನ ಲೆಕ್ಕದಲ್ಲಿ ಮೂರಲ್ಲ, ಇಪ್ಪತ್ತು ಪುಸ್ತಕ ದಾಟಿತ್ತು. ತಿಂಗಳಿಗೆ ಒಂದು ಮಧ್ಯಾಹ್ನ, ನನ್ನನ್ನು ಯಾರೂ ಏನೂ ಕೇಳದ, ಯಾವುದಕ್ಕೂ ಜವಾಬ್ದಾರಿ ಇಲ್ಲದ ಮಧ್ಯಾಹ್ನ ಅದೊಂದೇ. ಸಿಕ್ಕಿಬಿದ್ದರೆ ಅದೂ ಹೋಗುತ್ತಿತ್ತು. ದೆವ್ವಕ್ಕಿಂತ ನನಗೆ ಇದರ ಭಯವೇ ಹೆಚ್ಚಾಗಿತ್ತು.

ಕಳೆದ ವರ್ಷ ಕಾಕಾ ತೋಟದ ಕಾಲುವೆ ದಾಟುವಾಗ ಕಾಲು ಉಳುಕಿಸಿಕೊಂಡರು. ಬಸ್ಸು ಹತ್ತುವ ಹಾಗಿರಲಿಲ್ಲ. ಆ ತಿಂಗಳ ಸಭೆ ಕಮಲಾಪುರದಲ್ಲೇ, ಅವರ ತೋಟದಲ್ಲೇ ಮಾಡುವುದು ಎಂದು ತೀರ್ಮಾನವಾಯಿತು. ಪುಸ್ತಕ ಎಂದಿನಂತೆ ಕಂಡಕ್ಟರ ಕೈಯಲ್ಲಿ ಬಂತು. ತೆರೆದು ನೋಡಿದರೆ ಗುರುತುಗಳೇ ಗುರುತುಗಳು. ಮೊದಲ ಹತ್ತು ಅಧ್ಯಾಯಗಳಲ್ಲಿ ನನಗೆ ಓದಲು ಉಳಿದದ್ದು ಊರಿನ ವರ್ಣನೆ ಮತ್ತು ಒಂದು ಮದುವೆ ಊಟ. ಹನ್ನೊಂದನೇ ಅಧ್ಯಾಯದಲ್ಲಿ ಮಾತ್ರ ಒಂದೇ ಒಂದು ಗುರುತಿರಲಿಲ್ಲ. ಬಹುಶಃ ಅಡಿಗೆಯದೋ ಪ್ರಯಾಣದ್ದೋ ಇರಬೇಕು ಎಂದು, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ, ಕುಕ್ಕರಿನಲ್ಲಿ ತೊಗರಿಬೇಳೆ ಇಟ್ಟು, ಅಡಿಗೆಮನೆಯ ಸ್ಟೂಲಿನ ಮೇಲೆ ಆರಾಮಾಗಿ ಕೂತು ಓದಲು ಶುರುಮಾಡಿದೆ.

ಒಂದು ಕೋಣೆಯ ಶಾಲೆ. ವರ್ಗವಾಗಿ ಬಂದ ಹೊಸ ಟೀಚರು. ಹಾಜರಿ ಕರೆಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು, ಉತ್ತರ ಕೊಟ್ಟದ್ದು ಮೂವತ್ತೆರಡು ದನಿ. ಎಣಿಸುವುದರಲ್ಲಿ ತಪ್ಪಾಯಿತೇನೋ ಎಂದುಕೊಳ್ಳುತ್ತಾಳೆ. ಮರುದಿನವೂ ಮೂವತ್ತೆರಡು. ಆ ಹೆಚ್ಚಿನ ದನಿ ಮೊದಲ ದಿನ ಕೊನೆಯ ಸಾಲಿನಿಂದ ಬಂದಿತ್ತು; ಎರಡನೆಯ ದಿನ ಅದರ ಮುಂದಿನ ಸಾಲಿನಿಂದ. ದಿನಕ್ಕೊಂದು ಸಾಲು ಮುಂದೆ ಬರುತ್ತದೆ. ಇನ್ನೇನು ಮೊದಲ ಸಾಲು ಎಂಬ ದಿನ ಅವಳು ಹಾಜರಿ ಪುಸ್ತಕ ತೆರೆಯುವುದೇ ಇಲ್ಲ. ಸುಮ್ಮನೆ ಕುರ್ಚಿಯಲ್ಲಿ ಕೂರುತ್ತಾಳೆ. ಆಗ ಆ ದನಿ ಅವಳ ಕುರ್ಚಿಯ ಹಿಂದಿನಿಂದ ಅವಳ ಹೆಸರು ಕರೆದು, ಅವಳ ಉತ್ತರಕ್ಕಾಗಿ ಕಾಯುತ್ತದೆ.

ಸರಿಯಾಗಿ ಅಲ್ಲಿಗೆ ಕುಕ್ಕರ್ ಸೀಟಿ ಹೊಡೆಯಿತು. ನಾನು ಸ್ಟೂಲಿನಿಂದ ಹೇಗೆ ಇಳಿದೆನೋ, ಪಡಸಾಲೆಗೆ ಹೇಗೆ ಬಂದೆನೋ ಇಂದಿಗೂ ನೆನಪಿಲ್ಲ. ಬೇಳೆ ತಳ ಹಿಡಿಯಿತು.

ಮರುದಿನ ಶಾಲೆಯಲ್ಲಿ ಹಾಜರಿ ಕರೆಯುವಾಗ ಒಬ್ಬೊಬ್ಬರೂ ಎದ್ದು ನಿಂತು, ಮುಖ ತೋರಿಸಿ ಉತ್ತರ ಕೊಡಬೇಕು ಎಂದೆ. ಇವತ್ತು ಯಾರಾದರೂ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೇನು ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಇಲ್ಲ, ಶಿಸ್ತು ಎಂದೆ. ಅರ್ಧದವರೆಗೆ ಸರಿಯಾಗಿ ನಡೆಯಿತು. ಆಮೇಲೆ ಒಂದು ಹೆಸರು ಕರೆದೆ. ಯಾರೂ ಏಳಲಿಲ್ಲ, ಆದರೆ ಹಿಂದಿನ ಬೆಂಚಿನಿಂದ ‘ಎಸ್ ಟೀಚರ್’ ಎಂದು ಸಣ್ಣ ದನಿ ಬಂತು. ನನ್ನ ಪೆನ್ನು ಕೈಯಿಂದ ಬಿತ್ತು. ಆಮೇಲೆ ನೋಡಿದರೆ, ಅಕ್ಕನ ಮದುವೆಗೆ ಹೋಗಿದ್ದ ಗೆಳತಿಗಾಗಿ ಒಬ್ಬಳು ತಲೆ ತಗ್ಗಿಸಿ ಕೂಗಿದ್ದಳು. ಬೇರೆ ದಿನವಾಗಿದ್ದರೆ ಅವಳಿಗೆ ಬೈಗುಳ ಕಾದಿತ್ತು. ಆ ದಿನ ಅವಳು ಮನುಷ್ಯಳೇ ಎಂದು ಗೊತ್ತಾದದ್ದಕ್ಕೆ ನನಗೆ ಅಳುವಷ್ಟು ಸಂತೋಷವಾಯಿತು.

ಈಗ ತೊಡಕು ಶುರುವಾಯಿತು. ಹನ್ನೊಂದನೇ ಅಧ್ಯಾಯಕ್ಕೆ ಬೇರೆ ಯಾರೂ ಹೆದರಿಲ್ಲ. ತ್ರಿಕೋನ ಹಾಕಿದರೆ ಎಲ್ಲರಿಗಿಂತ ಪುಕ್ಕಲಿ ನಾನೇ ಎಂದಾಗುತ್ತದೆ. ಯಾಕೆ ಹೆದರಿದೆ ಎಂದು ಕೇಳುತ್ತಾರೆ, ಹೇಳುತ್ತ ಹೋದರೆ ಎಲ್ಲ ಹೊರಬೀಳುತ್ತದೆ. ಹಾಕದಿದ್ದರೆ ಈ ಎರಡು ವರ್ಷಗಳಲ್ಲಿ ನಿಜವಾಗಿ ಹೆದರಿದ ಒಂದೇ ಜಾಗವನ್ನೂ ಮುಚ್ಚಿಟ್ಟಂತಾಗುತ್ತದೆ. ತ್ರಿಕೋನ ಎಳೆದೆ, ರಬ್ಬರಿನಿಂದ ಅಳಿಸಿದೆ. ಮತ್ತೆ ಎಳೆದೆ, ಮತ್ತೆ ಅಳಿಸಿದೆ. ಆ ಅಂಚಿನಲ್ಲಿ ಕಾಗದ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣತೊಡಗಿತು. ಕೊನೆಗೆ ಅಳಿಸಿದ್ದನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದೆ.

ಮುಂದಿನ ಭಾನುವಾರ ವೈನಿ, ಹುಡುಗಿ, ನಾನು ಮೂವರೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತು ಗುಸುಗುಸು ನಗುತ್ತಿದ್ದರು. ನಾನು ಪುಸ್ತಕವಿದ್ದ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದೆ. ಕಾಕಾ ಬಾಳೆಗಿಡಗಳ ನೆರಳಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ, ಪಟ್ಟಿ ಕಟ್ಟಿದ ಕಾಲು ದಿಂಬಿನ ಮೇಲಿಟ್ಟು ಕೂತಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೇಲೆ ತಲೆಗೊಂದು ಕೆಂಪು ಬಾಳೆಹಣ್ಣು. ಊಟವಾದ ಮೇಲೆ ಪುಸ್ತಕ ಕೊಡಿರಿ ಎಂದರು. ಮೊದಲ ಅಧ್ಯಾಯದಿಂದ ಶುರುಮಾಡುವುದು ನಮ್ಮ ರೂಢಿ. ಅವರು ನೇರವಾಗಿ ಹನ್ನೊಂದನೆಯದು ತೆರೆದರು. ಪುಟವನ್ನು ಬಿಸಿಲಿಗೆ ಹಿಡಿದು, ರಬ್ಬರು ತಿಕ್ಕಿದ ಜಾಗದ ಮೇಲೆ ಬೆರಳಾಡಿಸಿ, ವೈನಿಗೆ ಕೊಟ್ಟರು. ವೈನಿ ಹುಡುಗಿಗೆ ಕೊಟ್ಟರು. ಮೂವರ ಮುಖದಲ್ಲೂ ಒಂದೇ ನಗೆ.

ಕಾಕಾ ಅಂಗಿಯ ಕಿಸೆಯಿಂದ ಮಡಚಿದ ಕ್ಯಾಲೆಂಡರ್ ಹಾಳೆ ತೆಗೆದು ನನ್ನ ಮುಂದೆ ಹಾಸಿದರು. ಅದರ ಹಿಂಬದಿಯಲ್ಲಿ ಹನ್ನೊಂದನೇ ಅಧ್ಯಾಯ ಎಂದು ಬರೆದು, ಕೆಳಗೆ ಒಂದೇ ಸಾಲಿನ ನಂಬರಿನ ಎದುರು ಮೂರು ಗುರುತುಗಳಿದ್ದವು. ಒಂದು ಕೂಡಿಸುವ ಚಿಹ್ನೆ, ಒಂದು ಟಿಕ್ಕು, ಒಂದು ಸೊನ್ನೆ. ಮೂವರೂ ಹೆದರಿದ್ದರು. ಬೇಕೆಂದೇ ಪುಸ್ತಕದಲ್ಲಿ ಹಾಕದೆ, ಅದರ ಜೊತೆಗೇ ಮೂವರ ನಡುವೆ ತಿರುಗಿದ ಈ ಹಾಳೆಯಲ್ಲಿ ಹಾಕಿಟ್ಟಿದ್ದರು. ಉಳಿದ ಅಧ್ಯಾಯಗಳಲ್ಲಿದ್ದ ಗುರುತುಗಳಲ್ಲಿ ಅರ್ಧಕ್ಕರ್ಧ ಸುಳ್ಳು, ನಾನು ಹಾರಿಸುತ್ತ ಬಂದು ಹನ್ನೊಂದನೆಯದರಲ್ಲೇ ಬೀಳಲೆಂದು ಹಾಕಿದವು.

“ಆ ವಾಡೇದ ಕಾವಲುಗಾರ ಏಳನೇ ಅಧ್ಯಾಯದಾಗೇ ಸತ್ತಿದ್ದ ರೀ ಟೀಚರ್,” ಎಂದರು ಕಾಕಾ ಬಹಳ ಮೆತ್ತಗೆ. “ಮುಂದ ಪುಸ್ತಕದ ತುಂಬ ಅಡ್ಡಾಡಿದ್ದು ಅವನ ದೆವ್ವ. ನೀವು ಅದನ್ನ ಪೊಲೀಸ್ ಸ್ಟೇಷನ್‌ಗೆ ಕಳಸಾಕ ಹೊಂಟಿದ್ರಿ.”

ಹುಡುಗಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಕಿವಿ ಬಿಸಿಯಾದವು. ಅಂದರೆ ಒಂದು ವರ್ಷಕ್ಕೂ ಮೇಲೆ ಇವರಿಗೆ ಎಲ್ಲ ಗೊತ್ತಿತ್ತು. ನಾನು ಬೆಳಕಿನ ಪ್ರತಿಫಲನ ಹೇಳುತ್ತಿದ್ದಾಗ ಮೂವರೂ ಸುಮ್ಮನೆ ತಲೆಯಾಡಿಸುತ್ತಿದ್ದರು. ನನಗೆ ಮೊದಲು ಸಿಟ್ಟು ಬಂತು, ಬೆನ್ನಹಿಂದೆಯೇ ವಕೀಲರ ನೆನಪು ಬಂತು. ಇನ್ನು ಮುಂದಿನ ತಿಂಗಳಿನಿಂದ ನಾನು ಬರುವುದಿಲ್ಲ, ಕಾಯಿದೆ ಎಂದರೆ ಕಾಯಿದೆ ಎಂದು ನಾನೇ ಹೇಳಿ ಚೀಲ ಎತ್ತಿಕೊಂಡೆ. ಬೇರೆಯವರು ಹೇಳುವ ಮೊದಲು ನಾನೇ ಹೇಳುವುದು ನನ್ನ ಹಳೆಯ ಚಟ.

“ಕೂಡು,” ಎಂದರು ವೈನಿ. “ವಕೀಲಗ ಅಂಜಿಕಿ ಇರಲಿಲ್ಲ, ಅದಕ್ಕ ಕಳಿಸಿದೆ. ನಿನಗ ಅದ. ನಾವು ಮೂವರೂ ಒಳಗ ಕೂತು ಅಂಜಾಕತ್ತೀವಿ, ನೀ ಒಬ್ಬಾಕಿ ಬಾಗಲಾಗ ನಿಂತು ಕಾವಲು ಕಾಯಾಕತ್ತೀದಿ. ಯಾರು ಹೇಳ್ಯಾರ ನಿನಗ ಕಾಯಂತ?”

ಯಾರೂ ಹೇಳಿರಲಿಲ್ಲ. ಚೀಲ ಕೆಳಗಿಟ್ಟೆ. ಕೂತೆ.

ಶಿಕ್ಷೆ ಏನೆಂದರೆ, ಹನ್ನೊಂದನೇ ಅಧ್ಯಾಯವನ್ನು ನಾನು ಗಟ್ಟಿಯಾಗಿ ಓದಬೇಕು. ಮಧ್ಯಾಹ್ನದ ಮೂರು ಗಂಟೆ, ಝಳಝಳ ಬಿಸಿಲು, ರಸ್ತೆಯಲ್ಲಿ ಹುಮನಾಬಾದ ಕಡೆ ಹೋಗುವ ಲಾರಿಗಳ ಸದ್ದು. ಹೆದರಲು ಇದಕ್ಕಿಂತ ಕೆಟ್ಟ ಹೊತ್ತು ಇರಲಾರದು. ಆದರೂ ಎರಡನೇ ಪುಟಕ್ಕೆ ನನ್ನ ದನಿ ಸಣ್ಣದಾಯಿತು. ಮೂರನೇ ಪುಟಕ್ಕೆ ಹುಡುಗಿ ಹೊರಸಿನ ಮೇಲೆ ಕಾಲು ಎತ್ತಿಟ್ಟುಕೊಂಡಳು. ಕಾಕಾ ಉಳುಕಿದ ಕಾಲನ್ನೂ ಮರೆತು ಮುಂದಕ್ಕೆ ಬಾಗಿದ್ದರು. ಹಿಂದೆ ಗಾಳಿಗೆ ಬಾಳೆ ಎಲೆ ಸರಕ್ಕೆಂದಾಗ ನಾಲ್ವರೂ ಒಟ್ಟಿಗೆ ತಿರುಗಿ ನೋಡಿದೆವು, ಆಮೇಲೆ ಒಟ್ಟಿಗೆ ನಕ್ಕೆವು. ಆದರೆ ಕುರ್ಚಿಯ ಹಿಂದಿನಿಂದ ದನಿ ಅವಳ ಹೆಸರು ಕರೆಯುವ ಸಾಲಿಗೆ ಬಂದಾಗ ಅಲ್ಲಿಗೇ ನಿಲ್ಲಿಸಿದೆ. ಮುಂದಿನ ಸಾಲು ಕಾಣುತ್ತಿತ್ತು, ಓದಲಾಗಲಿಲ್ಲ.

“ಅಂಜಿಕಿ ಆಗ್ಲಿಕತ್ತದ,” ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಯಾರೂ ನಗಲಿಲ್ಲ. ನಮಗೂ ಆಗಿತ್ತಲ್ಲರೀ, ಓದಿರಿ ಎಂದರು ಕಾಕಾ. ಹುಡುಗಿ ಪೆನ್ಸಿಲ್ ಕೊಟ್ಟಳು. ರಬ್ಬರು ತಿಕ್ಕಿ ಸವೆದಿದ್ದ ಆ ಅಂಚಿನಲ್ಲಿ ನಾನು ತ್ರಿಕೋನ ಎಳೆದೆ. ಒತ್ತಿ ಎಳೆದದ್ದಕ್ಕೆ ಒಂದು ಮೂಲೆಯಲ್ಲಿ ಕಾಗದ ತೂತಾಯಿತು.

ವೈನಿ ನನ್ನ ಕೈ ಎಳೆದುಕೊಂಡು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ತಮ್ಮ ವಾಚಿನ ಮುಳ್ಳು ನೋಡುತ್ತ ನಾಡಿ ಎಣಿಸತೊಡಗಿದರು. ನೂರಾ ಹದಿನಾಲ್ಕು ಎಂದರು. ಕಾಕಾ ಅದನ್ನು ಕ್ಯಾಲೆಂಡರ್ ಹಾಳೆಯ ಮೇಲೆ, ಮೂರು ಗುರುತುಗಳ ಕೆಳಗೆ, ಒಂದು ತ್ರಿಕೋನ ಬರೆದು ಅದರ ಮುಂದೆ ಬರೆದುಕೊಂಡರು.

ಈಗ ಪುಸ್ತಕ ಮೊದಲು ನನ್ನ ಕೈಗೇ ಬರುತ್ತದೆ. ಪುಟಗಳಲ್ಲಿ ಯಾರ ಗುರುತೂ ಇರುವುದಿಲ್ಲ. ಓದುವ ವಾರ ಮೋಟಾರು ಬಂದ್ ಮಾಡಲು ಯಜಮಾನರು ಹೋಗುತ್ತಾರೆ. ಯಾಕೆ ಎಂದು ಅವರು ಕೇಳಿದಾಗ ನಿಜವನ್ನೇ ಹೇಳಿದೆ. ಅಂದು ಕಮಲಾಪುರದಲ್ಲಿ, ತ್ರಿಕೋನ ಎಳೆದಾದ ಮೇಲೆ, ನಾನು ಉಳಿದ ಎರಡು ಪುಟಗಳನ್ನು ಓದಿ ಮುಗಿಸಿದೆ. ನಾಡಿ ಎಣಿಸಿ ಆಗಿ ಎಷ್ಟೋ ಹೊತ್ತಾಗಿತ್ತು, ವೈನಿ ಇನ್ನೂ ನನ್ನ ಕೈ ಹಿಡಿದುಕೊಂಡೇ ಇದ್ದರು. ನಾನೂ ಬಿಡಿಸಿಕೊಳ್ಳಲಿಲ್ಲ.